ಶನಿವಾರದ ಹಿಟ್ಟು

ಇವತ್ತು ಶನಿವಾರ ಬೆಳಿಗ್ಗೆ ಅಡುಗೆಮನೆಗೆ ಹೋದರೆ ಕಟ್ಟೆಯ ಮೇಲೆ ಇಡ್ಲಿ ಹಿಟ್ಟಿನ ಪ್ಯಾಕೆಟ್ಟು ಚೆಂಡಿನ ಹಾಗೆ ಊದಿಕೊಂಡು ಕೂತಿತ್ತು. ಹಿಂದಿನ ದಿನ ಅಂಗಡಿಯಿಂದ ತಂದದ್ದನ್ನು ಫ್ರಿಜ್ಜಿಗೆ ಇಡುವುದು ಮರೆತಿದ್ದೆ. ಮೂಲೆ ಕತ್ತರಿಸಿದ್ದೇ ತಡ, ಬುಸ್ಸೆಂದು ಗಾಳಿ ಹೊರಬಂತು, ಅದರ ಹಿಂದೆಯೇ ಹುಳಿ ವಾಸನೆ. ನಿಮಗೆ ಹೇಗೋ ಗೊತ್ತಿಲ್ಲ, ನನಗೆ ಆ ವಾಸನೆ ಮೂಗಿಗೆ ಬಡಿದರೆ ಹಸಿವಾಗುವುದಿಲ್ಲ. ಹೊಟ್ಟೆಯಲ್ಲಿ ಬೇರೇನೋ ಆಗುತ್ತದೆ. ಅದಕ್ಕೆ ಹೊಟ್ಟೆಕಿಚ್ಚು ಎಂದು ಹೆಸರು. ಈಗ ಇಷ್ಟು ಸಲೀಸಾಗಿ ಹೇಳುತ್ತಿದ್ದೇನೆ, ಆದರೆ ಒಪ್ಪಿಕೊಳ್ಳುವುದಕ್ಕೆ ನನಗೆ ಹತ್ತು ಹದಿನೈದು ವರ್ಷವೇ ಹಿಡಿಯಿತು.

ಹಿಟ್ಟು ಹುಳಿ ಬರುವುದರಲ್ಲಿ ನಾವು ಮಾಡುವ ಕೆಲಸ ಬಹಳ ಕಡಿಮೆ, ಯೋಚಿಸಿ ನೋಡಿ. ನೆನೆಹಾಕಿ, ರುಬ್ಬಿ, ಉಪ್ಪು ಬೆರೆಸಿ, ಮುಚ್ಚಿ, ಬೆಚ್ಚಗಿನ ಮೂಲೆಯಲ್ಲಿ ಇಟ್ಟುಬಿಟ್ಟರೆ ಮುಗಿಯಿತು. ಉಳಿದದ್ದು ಮುಚ್ಚಳದ ಒಳಗೆ ತಾನಾಗಿ ನಡೆಯುತ್ತದೆ. ಯಾರಿಗೂ ಕೇಳಿಸುವುದಿಲ್ಲ, ಯಾರಿಗೂ ಕಾಣಿಸುವುದಿಲ್ಲ. ಮನಸ್ಸಿನೊಳಗೆ ಹುಳಿ ಬರುವುದೂ ಹೀಗೆಯೇ. ಮುಚ್ಚಿಟ್ಟುಕೊಂಡಷ್ಟೂ ಬೇಗ ಬರುತ್ತದೆ, ಮೇಲೆ ಸ್ವಲ್ಪ ಬಿಸಿ ಇದ್ದರಂತೂ ಕೇಳುವುದೇ ಬೇಡ. ನಾನು ಕುಣಿಗಲ್ಲಿನಿಂದ ಗುಬ್ಬಿಗೆ ಸೊಸೆಯಾಗಿ ಬಂದವಳು. ಗುಬ್ಬಿಯ ಬಿಸಿಲಿಗೆ ಎರಡೂ ಚೆನ್ನಾಗಿ ಉಬ್ಬುತ್ತವೆ.

ತೊಂಬತ್ತರ ದಶಕದ ಮೊದಲಲ್ಲಿ ನನ್ನ ಮದುವೆಯಾದದ್ದು. ನಮ್ಮನೆಯವರು ಹೈಸ್ಕೂಲು ಮೇಷ್ಟ್ರು. ಮನೆಯಲ್ಲಿ ಅತ್ತೆ, ನನ್ನ ಮೈದುನ, ಬಂದುಹೋಗುವ ನೆಂಟರು. ಭಾನುವಾರ ಬೆಳಿಗ್ಗೆ ತಟ್ಟೆ ಇಡ್ಲಿ ಆಗಲೇಬೇಕು ಎನ್ನುವುದು ಅತ್ತೆಯ ಕಟ್ಟಳೆ. ಅದಕ್ಕೆ ಶನಿವಾರ ಮಧ್ಯಾಹ್ನ ಒರಳುಕಲ್ಲಿನ ಮುಂದೆ ಕೂತರೆ ನಾನು ಏಳುವ ಹೊತ್ತಿಗೆ ಬಲರಟ್ಟೆ ನನ್ನದೋ ಪಕ್ಕದ ಮನೆಯವರದೋ ಎನ್ನುವಂತಾಗಿರುತ್ತಿತ್ತು. ಮೊದಲ ಮೂರು ವರ್ಷ ರುಬ್ಬುವವಳೂ ನಾನೇ, ಉಪ್ಪು ಹಾಕಿ ಕೈಯಾಡಿಸಿ ಮಡಕೆಗೆ ತುಂಬುವವಳೂ ನಾನೇ. ಇಡ್ಲಿ ಒಂದು ವಾರ ಹೂವಿನ ಹಾಗಿರುತ್ತಿತ್ತು, ಒಂದು ವಾರ ಹಾಗಿರುತ್ತಿರಲಿಲ್ಲ. ಅತ್ತೆ ಎರಡಕ್ಕೂ ‘ಪರ್ವಾಗಿಲ್ಲ’ ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚಿನ ಮಾತು ಅವರ ಬಾಯಲ್ಲಿ ಇಲ್ಲವೇ ಇಲ್ಲ ಎಂದು ನಾನು ತಿಳಿದಿದ್ದೆ.

ಇತ್ತು ನೋಡಿ. ಮೈದುನನ ಮದುವೆಯಾಗಿ ವನಜ ಬಂದಳು. ನನ್ನ ವಾರಗಿತ್ತಿ. ಹುಲಿಯೂರುದುರ್ಗದವಳು, ಅಂದರೆ ನಮ್ಮ ಕುಣಿಗಲ್ ತಾಲ್ಲೂಕೇ. ಒಂದೇ ಕಡೆಯವರು, ಜೊತೆಯಾಯಿತು ಎಂದು ನಾನು ಖುಷಿಪಟ್ಟಿದ್ದೂ ಉಂಟು. ಅವಳು ಬಂದ ಮೊದಲ ಶನಿವಾರ ನಾನು ರುಬ್ಬಿ ಮುಗಿಸುವ ಹೊತ್ತಿಗೆ ನನ್ನ ಮಗ ಅಂಗಳದಲ್ಲಿ ಬಿದ್ದು ಅಳತೊಡಗಿದ. ಉಪ್ಪು ಹಾಕಿ ಕಲೆಸಿಬಿಡು ಎಂದು ವನಜಳಿಗೆ ಹೇಳಿ ಓಡಿದೆ. ಮಾರನೆಯ ದಿನ ಬೆಳಿಗ್ಗೆ ನೋಡಿದರೆ ಹಿಟ್ಟು ಮಡಕೆಯ ಮುಚ್ಚಳವನ್ನು ಎತ್ತಿ ಪಕ್ಕಕ್ಕೆ ತಳ್ಳಿ, ಕೆಳಗೆಲ್ಲ ಇಳಿದಿತ್ತು. ಅತ್ತೆ ಅದರ ಮುಂದೆ ದೇವರ ಮುಂದೆ ನಿಂತ ಹಾಗೆ ನಿಂತರು.

“ಕೈಗುಣ ಅಂದ್ರೆ ಇದು ಕಣಮ್ಮಿ” ಎಂದರು, ನನ್ನ ಕಡೆ ತಿರುಗಿ.

ಅದು ಏಪ್ರಿಲ್ ತಿಂಗಳು ಸ್ವಾಮೀ. ಆ ಸೆಕೆಯಲ್ಲಿ ಯಾರು ಕೈಯಿಟ್ಟಿದ್ದರೂ ಉಬ್ಬುತ್ತಿತ್ತು. ಆದರೆ ಅದನ್ನು ಹೇಳುವುದಕ್ಕೆ ಆಗುತ್ತದೆಯೇ? ಹೇಳಿದರೆ ಸಣ್ಣವಳಾಗುತ್ತೇನೆ. ಅವತ್ತಿನಿಂದ ನಮ್ಮ ಮನೆಯಲ್ಲಿ ಹೊಸ ಪದ್ಧತಿ ಶುರುವಾಯಿತು. ರುಬ್ಬುವುದು ನಾನು, ಒಂದೂವರೆ ಗಂಟೆ. ಕೈಯಾಡಿಸುವುದು ವನಜ, ಎರಡು ನಿಮಿಷ. ಹೊಗಳಿಕೆ ಯಾರಿಗೆ ಎಂದು ನಿಮಗೇ ಗೊತ್ತಾಗಿರಬೇಕು. ಬೀದಿಯಲ್ಲಿ ಯಾರ ಮನೆಯಲ್ಲಾದರೂ ನಾಮಕರಣವೋ ಗೃಹಪ್ರವೇಶವೋ ಇದ್ದರೆ ಹಿಟ್ಟು ಕಲೆಸುವುದಕ್ಕೆ ವನಜಳನ್ನು ಕರೆದುಕೊಂಡು ಹೋಗುವಷ್ಟರ ಮಟ್ಟಿಗೆ ಅವಳ ಕೈ ಪ್ರಸಿದ್ಧವಾಯಿತು. ಅವಳೂ ಬಳೆ ಮೇಲೆ ಸರಿಸಿಕೊಂಡು ಹೋಗಿ, ಕಲೆಸಿ, ಅರಿಶಿನ ಕುಂಕುಮ ತೆಗೆದುಕೊಂಡು ಬರುತ್ತಿದ್ದಳು. ರುಬ್ಬಿದವರನ್ನು ಯಾರೂ ಕೇಳುತ್ತಿರಲಿಲ್ಲ.

ವನಜ ಕೆಟ್ಟವಳಾಗಿದ್ದರೆ ನನ್ನ ಕೆಲಸ ಎಷ್ಟು ಸುಲಭವಾಗುತ್ತಿತ್ತು! ಅವಳು ಹಾಗಿರಲಿಲ್ಲ. ‘ನಾನೂ ರುಬ್ತೀನಿ ಏಳಿ ಅಕ್ಕ’ ಎಂದು ಎಷ್ಟೋ ಸಲ ಬಂದು ನನ್ನ ಪಕ್ಕ ಕೂತಳು. ಅತ್ತೆಯೇ ಬಿಡಲಿಲ್ಲ. ಕಲ್ಲು ಹಿಡಿದು ಕೈ ಒರಟಾದರೆ ಹಿಟ್ಟಿಗೆ ಒಗ್ಗುವುದಿಲ್ಲವಂತೆ. ನನ್ನ ಕೈ ಒರಟಾಗಿ ಯಾವ ಕಾಲವಾಗಿತ್ತೋ. ನನ್ನ ಮಕ್ಕಳೂ ಅಷ್ಟೇ, ತಲೆ ಬಾಚಿಸಿಕೊಳ್ಳುವುದಕ್ಕೆ ಚಿಕ್ಕಮ್ಮನೇ ಬೇಕು, ಕತೆಗೆ ಚಿಕ್ಕಮ್ಮನೇ ಬೇಕು. ನಮ್ಮನೆಯವರ ಹತ್ತಿರ ಒಂದು ದಿನ ತಡೆಯಲಾರದೆ ಹೇಳಿಕೊಂಡೆ. ಅವರು ಪೇಪರಿನಿಂದ ಕಣ್ಣು ಎತ್ತದೆ, ಇಡ್ಲಿ ಚೆನ್ನಾಗಿರುತ್ತದೆ ತಾನೆ ಎಂದು ಕೇಳಿದರು. ಗಂಡಸರಿಗೆ ಇಂಥದ್ದು ಹೇಳಬಾರದು ಎಂದು ಅವತ್ತೇ ತೀರ್ಮಾನ ಮಾಡಿದೆ.

ಒಂದು ಶನಿವಾರ ನಾನೊಂದು ಪರೀಕ್ಷೆಯನ್ನೂ ಮಾಡಿದೆ. ವನಜ ಕಲೆಸಿಟ್ಟು ಹೂ ಕಟ್ಟಲು ಹೋದ ಮೇಲೆ, ಮುಚ್ಚಳ ತೆಗೆದು ಮೊಣಕೈವರೆಗೆ ನನ್ನ ಕೈಯನ್ನೂ ಅದ್ದಿ ಚೆನ್ನಾಗಿ ತಿರುವಿದೆ. ಹಾಳಾದರೆ ಅವಳ ಹೆಸರು ಕೆಡುತ್ತದೆ, ಉಬ್ಬಿದರೆ ನನ್ನ ಕೈಯೂ ಕೈಯೇ ಎಂದು ಸಾಬೀತಾಗುತ್ತದೆ ಎನ್ನುವ ಲೆಕ್ಕಾಚಾರ. ಮಾರನೆಯ ಬೆಳಿಗ್ಗೆ ಎಂದಿಗಿಂತ ಹೆಚ್ಚು ಉಬ್ಬಿತ್ತು. ಅತ್ತೆ ವನಜಳ ಕೈಗೆ ದೃಷ್ಟಿ ತೆಗೆದರು. ನಾನು ಚಟ್ನಿ ಬಡಿಸುತ್ತ ನಿಂತಿದ್ದೆ. ಸಾಬೀತಾಗಿದ್ದನ್ನು ಯಾರ ಹತ್ತಿರ ಹೇಳಲಿ?

ಹೀಗೆ ಐದಾರು ವರ್ಷ ನಡೆಯಿತು. ಆಮೇಲೆ ಮೈದುನನಿಗೆ ತುಮಕೂರಿಗೆ ವರ್ಗವಾಯಿತು. ಸದಾಶಿವನಗರದಲ್ಲಿ ಬಾಡಿಗೆ ಮನೆ ಹಿಡಿದರು. ಅವರ ಸಾಮಾನು ಕಟ್ಟುವುದಕ್ಕೆ ನಾನು ತೋರಿಸಿದ ಉತ್ಸಾಹ ನೋಡಿ ಬೀದಿಯವರೆಲ್ಲ ವಾರಗಿತ್ತಿಯರೆಂದರೆ ಹೀಗಿರಬೇಕು ಎಂದರು. ವನಜ ಲಾರಿ ಹತ್ತುವಾಗ ನನ್ನ ಕೈ ಹಿಡಿದು ಅತ್ತಳು. ನಾನೂ ಅತ್ತೆ. ನನ್ನ ಅಳು ಬೇರೆಯ ಜಾತಿಯದು. ಲಾರಿ ತಿರುವು ದಾಟಿದ್ದೇ ತಡ, ನೆಟ್ಟಗೆ ಅಡುಗೆಮನೆಗೆ ಹೋಗಿ ಹಿಟ್ಟಿನ ಮಡಕೆಯನ್ನು ಹಿತ್ತಲಿಗೆ ತಂದೆ.

ಆ ಮಡಕೆಯ ಬಗ್ಗೆ ಹೇಳಬೇಕು. ಅತ್ತೆಯ ಕಾಲದ ಮಣ್ಣಿನ ಮಡಕೆ, ಒಳಗೆಲ್ಲ ಹಳೆಯ ಹಿಟ್ಟು ಕುಡಿದು ಬೆಳ್ಳಗಾಗಿತ್ತು. ವನಜ ಅದನ್ನು ತಣ್ಣೀರಿನಲ್ಲಿ ಒಂದು ಸಲ ಗಲಬರಿಸಿ ಇಡುತ್ತಿದ್ದಳು ಅಷ್ಟೆ. ಈಗ ಮಡಕೆ ನನ್ನದು. ಅದರಲ್ಲಿ ಅವಳ ಕೈಯ ಗುರುತು ಒಂದಿಷ್ಟೂ ಉಳಿಯಬಾರದು. ಬೂದಿ ಹಾಕಿ ಉಜ್ಜಿದೆ, ತೆಂಗಿನ ನಾರಿನಲ್ಲಿ ತಿಕ್ಕಿದೆ, ಕುದಿಯುವ ನೀರು ಹೊಯ್ದೆ, ಇಡೀ ದಿನ ಬಿಸಿಲಿಗೆ ಬೋರಲು ಹಾಕಿದೆ. ಸಂಜೆ ಬೆರಳಲ್ಲಿ ತಟ್ಟಿದರೆ ಟಣ್ ಎಂದಿತು. ಮನಸ್ಸು ಹಗುರವಾಯಿತು.

ಆ ಶನಿವಾರ ನಾನೇ ರುಬ್ಬಿ, ನಾನೇ ಕಲೆಸಿ, ಮಡಕೆಗೆ ತುಂಬಿ, ಒಲೆಯ ಪಕ್ಕ ಇಟ್ಟೆ. ಭಾನುವಾರ ಬೆಳಿಗ್ಗೆ ಮುಚ್ಚಳ ತೆಗೆದರೆ ಹಿಟ್ಟು ಎಲ್ಲಿತ್ತೋ ಅಲ್ಲೇ ಇದೆ. ಒಂದು ಗುಳ್ಳೆಯಿಲ್ಲ. ಇಡ್ಲಿ ಹಪ್ಪಳದ ಅಣ್ಣನ ಹಾಗಾಯಿತು. ಅತ್ತೆ ಬೈಯಲಿಲ್ಲ. ಒಂದು ಮುರಿದು ನೋಡಿ, ತಟ್ಟೆಯ ಅಂಚಿಗೆ ಸರಿಸಿ, ಮಜ್ಜಿಗೆ ಅನ್ನ ಕೇಳಿದರು. ಅದಕ್ಕಿಂತ ಬೈಗುಳವೇ ವಾಸಿ. ಮುಂದಿನ ವಾರ ಮಡಕೆಯನ್ನು ಇನ್ನೂ ಚೆನ್ನಾಗಿ ಕುದಿನೀರಲ್ಲಿ ತೊಳೆದೆ. ಮತ್ತೆ ಅದೇ. ಅದರ ಮುಂದಿನ ವಾರವೂ ಅದೇ.

“ಎಲ್ರಿಗೂ ಎಲ್ಲಾ ಕೊಡಕಿಲ್ಲ ಬುಡು ದೇವ್ರು” ಎಂದರು ಅತ್ತೆ, ಸಮಾಧಾನ ಹೇಳುವ ದನಿಯಲ್ಲಿ.

ಆ ಸಮಾಧಾನ ನನ್ನ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಈ ವನಜ ಇದ್ದಾಗಲೂ ಇವಳೇ ಗೆದ್ದಳು, ಹೋದ ಮೇಲೂ ಇವಳೇ ಗೆದ್ದಳು. ಕೊನೆಗೆ ನಾನು ಮಾಡಿದ್ದೇನು ಗೊತ್ತೆ? ಹಲ್ಲು ನೋವು ಎಂದು ಹೇಳಿ, ಸ್ಟೀಲ್ ಡಬ್ಬಿಯೊಂದನ್ನು ಚೀಲದಲ್ಲಿ ಮುಚ್ಚಿಟ್ಟುಕೊಂಡು ತುಮಕೂರಿನ ಬಸ್ಸು ಹತ್ತಿದೆ. ವನಜಳ ಮನೆ ಬಾಗಿಲಲ್ಲಿ ನಿಂತು, ಡಾಕ್ಟರ ಹತ್ತಿರ ಬಂದಿದ್ದೆ, ಹಾಗೇ ನೋಡಿಕೊಂಡು ಹೋಗೋಣವೆಂದು ಬಂದೆ ಎಂದೆ. ಕಾಫಿ ಕುಡಿದೆ. ಎದ್ದು ನಿಂತೆ. ಮತ್ತೆ ಕೂತೆ. ಕೊನೆಗೆ, ಹಿಟ್ಟೇನಾದರೂ ಇದ್ದರೆ ಒಂದಿಷ್ಟು ಕೊಡುತ್ತೀಯಾ ಎಂದು ಗೋಡೆಯ ಕ್ಯಾಲೆಂಡರನ್ನು ನೋಡುತ್ತ ಕೇಳಿದೆ. ಅವಳಿಗೆ ಒಂದೇ ಕ್ಷಣದಲ್ಲಿ ಎಲ್ಲ ತಿಳಿಯಿತು. ಅವತ್ತು ಕಲೆಸಿಟ್ಟಿದ್ದ ಹಿಟ್ಟನ್ನೆಲ್ಲ ನನ್ನ ಡಬ್ಬಿಗೆ ತುಂಬಿಸಿದಳು.

“ಮುಂದಿನ ವಾರಾನೂ ಬನ್ನಿ ಅಕ್ಕ. ನಾನು ಯಾರಿಗೂ ಹೇಳಲ್ಲ” ಎಂದಳು.

ಆ ಒಳ್ಳೆಯತನ ನನಗೆ ಇನ್ನಷ್ಟು ಉರಿಯಿತು. ಆದರೂ ಮುಂದಿನ ವಾರ ಹೋದೆ. ಅದರ ಮುಂದಿನ ವಾರವೂ ಹೋದೆ. ಶನಿವಾರ ಬಂತೆಂದರೆ ನನ್ನ ಹಲ್ಲು ನೋಯುತ್ತಿತ್ತು. ನಾನು ಬೆಳಿಗ್ಗೆಯೇ ರುಬ್ಬಿಟ್ಟದ್ದನ್ನು ರಾತ್ರಿ ಕದ್ದು ಹಿತ್ತಲಿಗೆ ಸುರಿದು, ಡಬ್ಬಿಯದನ್ನು ಮಡಕೆಗೆ ತುಂಬುತ್ತಿದ್ದೆ. ಭಾನುವಾರ ಇಡ್ಲಿ ಉಬ್ಬಿ ನಿಲ್ಲುತ್ತಿತ್ತು. ಅತ್ತೆ ನಾಲ್ಕು ತಿಂದು, ಕಲಿತುಕೊಂಡೆ ಬಿಡು ಎಂದು ಹೇಳತೊಡಗಿದರು. ಬೀದಿಯಲ್ಲಿ ನನ್ನ ಹೆಸರೂ ಸ್ವಲ್ಪ ಓಡಾಡಿತು. ಆರು ತಿಂಗಳಾದ ಮೇಲೆ ಅತ್ತೆ ಒಂದು ದಿನ, “ನಿನ್ ಬಾಯಾಗೆ ಒಟ್ಟು ಎಷ್ಟಮ್ಮಿ ಹಲ್ಲವೆ?” ಎಂದು ಕೇಳಿದಾಗ ಜೀವ ಹಾರಿತು. ಬೇರಿನ ಟ್ರೀಟ್‌ಮೆಂಟು, ನಿಧಾನ ಎಂದು ಹೇಳಿ ಪಾರಾದೆ.

ಒಂದು ಸಲ ಬಸ್ಸಿನಲ್ಲಿ ಮಾನವೇ ಹೋಯಿತು. ಬೇಸಿಗೆ, ಇಂಜಿನ್ನಿನ ಪಕ್ಕದ ಸೀಟು, ಕಾಲ ಬಳಿ ಡಬ್ಬಿ. ನಿಟ್ಟೂರಿಗೋ ಎಲ್ಲಿಗೋ ಹೆಣ್ಣು ನೋಡಲು ಹೊರಟಿದ್ದ ಹಿರಿಯರೊಬ್ಬರು ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ ನನ್ನ ಪಕ್ಕ ಕೂತಿದ್ದರು. ಗುಬ್ಬಿ ಇನ್ನೇನು ಬರಬೇಕು, ಡಬ್ಬಿಯ ಮುಚ್ಚಳ ಟಪ್ಪೆಂದು ಹಾರಿ ಹಿಟ್ಟು ಅವರ ಚಪ್ಪಲಿಯ ಮೇಲೆ ಹರಿಯಿತು. ಕಂಡಕ್ಟರು ಬಂದು, ‘ಯಾರಮ್ಮ ಬಸ್ನಲ್ಲಿ ಹಾಲುಕ್ಕಿಸ್ದೋರು’ ಎಂದು ಎಲ್ಲರಿಗೂ ಕೇಳಿಸುವಂತೆ ವಿಚಾರಿಸಿದ. ಸೆರಗಿನಲ್ಲಿ ಆ ಯಜಮಾನರ ಕಾಲು ಒರೆಸುತ್ತ ನಾನು ಮನಸ್ಸಿನಲ್ಲಿ ವನಜಳಿಗೆ ಶಾಪ ಹಾಕುತ್ತಿದ್ದೆ. ಇಷ್ಟು ಉಬ್ಬಿಸು ಎಂದು ಇವಳಿಗೆ ಹೇಳಿದವರು ಯಾರು?

ಪ್ರತಿ ಶನಿವಾರ ಅವಳ ಮನೆಯಲ್ಲಿ ಎರಡು ಗಂಟೆ ಕೂರುತ್ತಿದ್ದೆ. ಅವಳು ಬಿಡುತ್ತಿರಲಿಲ್ಲ. ಒಗ್ಗರಣೆ ಅವಲಕ್ಕಿ ಮಾಡುವಳು, ಗುಬ್ಬಿಯ ಸುದ್ದಿಯನ್ನೆಲ್ಲ ಕೇಳುವಳು. ಯಾರ ಮನೆಯ ಹಸು ಕರು ಹಾಕಿತು ಎನ್ನುವುದೂ ಅವಳಿಗೆ ಬೇಕು. ನಾನು ಹೂಂ, ಉಹೂಂ ಎನ್ನುತ್ತ ಅವಳ ಮನೆಯನ್ನು ನೋಡುತ್ತಿದ್ದೆ. ಫ್ರಿಜ್ಜು ಬಂದಿದೆ. ನಲ್ಲಿ ಒಳಗೇ ಇದೆ. ಹೇಳುವವರು ಕೇಳುವವರು ಯಾರೂ ಇಲ್ಲ. ಗಂಡ ಸಂಜೆಗೆ ಬರುವುದು, ಮಗಳು ಸ್ಕೂಲಿಗೆ ಹೋದರೆ ಇಡೀ ಮನೆ ಇವಳದೇ. ಏನು ಪುಣ್ಯ ಮಾಡಿದ್ದಳೋ ಎಂದುಕೊಳ್ಳುತ್ತಿದ್ದೆ. ಮನೆಯನ್ನು ಅಷ್ಟು ನೋಡಿದವಳು ಅವಳ ಮುಖವನ್ನು ಒಂದು ಸಲವೂ ಸರಿಯಾಗಿ ನೋಡಲಿಲ್ಲ.

ಒಂದು ಶನಿವಾರ ಬಸ್ಸು ಬೇಗ ತುಮಕೂರು ಸೇರಿತು. ನನ್ನ ಮಗಳಿಗೆ ರಿಬ್ಬನ್ನು ಕೊಳ್ಳೋಣವೆಂದು ಶಿರಾ ಗೇಟಿನ ಕಡೆ ಹೋದೆ. ಅಲ್ಲೊಂದು ಹಿಟ್ಟಿನ ಅಂಗಡಿ, ಮುಂದೆಯೇ ದೊಡ್ಡ ಗ್ರೈಂಡರು ತಿರುಗುತ್ತಿತ್ತು. ದಪ್ಪಗಿನ ಹೆಂಗಸೊಬ್ಬಳು ಬಕೆಟ್ಟಿನಿಂದ ಸೌಟಿನಲ್ಲಿ ಅಳೆದು ಹಾಕುತ್ತಿದ್ದಳು. ಅವಳ ಮುಂದೆ ಪಾತ್ರೆ ಹಿಡಿದು ನಿಂತಿದ್ದಾಳೆ, ಯಾರು ಹೇಳಿ? ನಮ್ಮ ವನಜ. ನಾನು ಸೈಕಲ್ ಅಂಗಡಿಯ ಮರೆಗೆ ಸರಿದೆ. ಅವಳು ಆಟೋ ಹತ್ತಿ ಹೋದ ಮೇಲೆ ಹಿಟ್ಟಿನವಳ ಹತ್ತಿರ ಹೋಗಿ, ಈಗ ಬಂದವರು ಯಾವಾಗಲೂ ಇಲ್ಲೇ ಕೊಳ್ಳುತ್ತಾರಾ ಎಂದು ವಿಚಾರಿಸಿದೆ. ತಪ್ಪದೆ ಪ್ರತಿ ಶನಿವಾರ ಬರುತ್ತಾರೆ, ವರ್ಷವಾಯಿತು ಎಂದಳು.

ನನಗೆ ಆಗ ಆದ ಸಂತೋಷವನ್ನು ಹೇಗೆ ಹೇಳಲಿ! ಮಕ್ಕಳು ಹುಟ್ಟಿದಾಗಲೂ ಅಷ್ಟು ಆಗಿರಲಿಲ್ಲ ಎಂದರೆ ಪಾಪ ಬರುತ್ತದೆ, ಆದರೆ ಹತ್ತಿರ ಹತ್ತಿರ ಅಷ್ಟೇ ಆಯಿತು. ಕೈಗುಣವಂತೆ ಕೈಗುಣ! ಸದಾಶಿವನಗರಕ್ಕೆ ಹೋಗಲೇ ಇಲ್ಲ. ಖಾಲಿ ಡಬ್ಬಿ ಹಿಡಿದುಕೊಂಡು ಅಲ್ಲಿಂದಲೇ ಗುಬ್ಬಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಗೆ ಹೇಳಬೇಕು, ಯಾವ ಮಾತಿನಿಂದ ಶುರುಮಾಡಬೇಕು ಎಂದು ಜೋಡಿಸಿಕೊಂಡೆ.

ಭಾನುವಾರ ಬೆಳಿಗ್ಗೆ ಎಲ್ಲರೂ ತಿಂಡಿಗೆ ಕೂತರು. ಉಪ್ಪಿಟ್ಟು ಬಡಿಸಿದೆ. ಇಡ್ಲಿ ಯಾಕಿಲ್ಲ ಎಂದು ಅತ್ತೆ ಕೇಳಲಿ ಎಂದೇ ಕಾಯುತ್ತಿದ್ದೆ. ಕೇಳಿದರು. ನಿಮ್ಮ ವನಜಳ ಕೈಗುಣವೆಲ್ಲ ಶಿರಾ ಗೇಟಿನ ಅಂಗಡಿಯದು, ವರ್ಷದಿಂದ ಅವಳು ಹಿಟ್ಟು ಕೊಂಡು ತರುತ್ತಿದ್ದಾಳೆ, ನಾನೇ ಕಣ್ಣಾರೆ ನೋಡಿದೆ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಅತ್ತೆ ತುತ್ತು ಕೆಳಗಿಟ್ಟು ನನ್ನನ್ನೇ ನೋಡಿದರು.

“ಅವ್ಳು ಅಂಗ್ಡೀಲಿ ತಗಂಡ್ರೆ ನಮ್ಮನೇಲಿ ಇಡ್ಲಿ ಯಾಕ್ ನಿಂತೋಯ್ತದೆ?”

ನೋಡಿ, ಇಷ್ಟೇ. ಒಂದು ವರ್ಷ ಹಲ್ಲು ಕಚ್ಚಿ ಮುಚ್ಚಿಟ್ಟಿದ್ದನ್ನು ನಾನೇ ತೆಗೆದು ಎಲೆಯ ಮೇಲೆ ಬಡಿಸಿದ್ದೆ. ನಮ್ಮನೆಯವರು ಪೇಪರ್ ಕೆಳಗಿಟ್ಟರು. ಮಗ ಮೊದಲು ನಕ್ಕ. ಅತ್ತೆಗೆ ಸಿಟ್ಟೇನೂ ಬಂದಿರಲಿಲ್ಲ, ಅವರಿಗೆ ಅದು ತಮಾಷೆಯಾಗಿ ಕಂಡಿತು. ಎದ್ದು ಹೋಗಿ ತುಮಕೂರಿಗೆ ಫೋನು ಮಾಡಿ, ಏನವ್ವ ನಿನ್ನ ಅಂಗಡಿ ಹಿಟ್ಟಿನ ಸಮಾಚಾರ, ನಿಮ್ಮಕ್ಕ ಎಲ್ಲ ಹೇಳಿದಳು ಎಂದು ವನಜಳನ್ನು ರೇಗಿಸಿದರು. ಆ ಕಡೆಯ ಮಾತು ನನಗೆ ಕೇಳಿಸಲಿಲ್ಲ. ನಾನು ಬಾಗಿಲ ಹಿಂದೆ ನಿಂತಿದ್ದೆ.

ಮುಂದಿನ ಶನಿವಾರ ನಾನು ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ? ಮಧ್ಯಾಹ್ನ ಫೋನು ಬಂತು. ವನಜ.

“ಯಾಕಕ್ಕ ಬರ್ಲಿಲ್ಲ? ಕಾಯ್ತಾ ಇದ್ದೆ.”

ಇನ್ನೇನಿದೆ ಬರುವುದಕ್ಕೆ, ಎಲ್ಲರಿಗೂ ಗೊತ್ತಾಯಿತಲ್ಲ ಎಂದೆ. ತಪ್ಪು ನನ್ನದಾಗಿದ್ದರೂ ದನಿ ಅವಳದೇ ತಪ್ಪು ಎನ್ನುವ ಹಾಗಿತ್ತು.

“ನಮ್ಮನೇಲಿ ಇಡ್ಲಿ ಯಾರೂ ತಿನ್ನಲ್ಲ ಅಕ್ಕ. ನೀವು ಮೊದಲ್ನೇ ಸಲ ಬಂದು ಹೋದ್ಮೇಲೆ ಇವರಿಗೆ ಶುಗರ್ ಬಂತು, ಆವಾಗ್ಲಿಂದ ಮುದ್ದೆ, ಚಪಾತಿ ಅಷ್ಟೇ. ಹಿಟ್ಟಿಲ್ಲ ಅಂದ್ರೆ ನೀವು ಬರಲ್ವಲ್ಲ, ಅದಕ್ಕೇ ತರ್ತಿದ್ದೆ. ಇಲ್ಲಿ ನನ್ ಹತ್ರ ಯಾರ್ ಬರ್ತಾರೆ ಹೇಳಿ.”

ಒಲೆಯ ಮೇಲೆ ಹಾಲಿದೆ ಎಂದು ಸುಳ್ಳು ಹೇಳಿ ಫೋನು ಇಟ್ಟುಬಿಟ್ಟೆ. ಯಾರಿಗೂ ಬೇಡದ ಹಿಟ್ಟನ್ನು ಕೊಂಡು ತಂದು, ತನ್ನದೆಂದು ಕೊಟ್ಟು, ಎರಡು ಗಂಟೆ ನನ್ನನ್ನು ಕೂರಿಸಿಕೊಳ್ಳುತ್ತಿದ್ದಳು. ನಾನು ಆ ಎರಡು ಗಂಟೆ ಅವಳ ಫ್ರಿಜ್ಜು ನೋಡುತ್ತಿದ್ದೆ. ನಾಚಿಕೆಯಾಯಿತು. ನಾಚಿಕೆಯಾದವರು ಹೋಗಿ ಕೈ ಹಿಡಿದುಕೊಳ್ಳುತ್ತಾರೆ, ನಾನು ಹಾಗೆ ಮಾಡಲಿಲ್ಲ. ಇಷ್ಟು ಒಳ್ಳೆಯವಳಾಗಿರುವುದಕ್ಕೂ ಅವಳ ಮೇಲೆ ಹೊಟ್ಟೆಕಿಚ್ಚುಪಟ್ಟೆ. ಶನಿವಾರಗಳು ಒಂದರ ಹಿಂದೆ ಒಂದು ಹೋದವು. ಮದುವೆ ಮುಂಜಿಗಳಲ್ಲಿ ಸಿಕ್ಕಾಗ ಚೆನ್ನಾಗಿದ್ದೀರಾ ಅಕ್ಕ ಎನ್ನುವಳು, ಹೂಂ ಎನ್ನುವೆ. ನಾಲ್ಕೈದು ವರ್ಷ ಹೀಗೇ ಕಳೆದುಹೋಯಿತು.

ನಡುವೆ ಒಂದು ಸಂಗತಿಯಾಯಿತು. ಒಂದು ವಾರ ನನಗೆ ಜ್ವರ. ಮಡಕೆಗೆ ಕುದಿನೀರು ಹಾಕಿ ಉಜ್ಜುವ ಶಕ್ತಿಯಿಲ್ಲದೆ ತಣ್ಣೀರಿನಲ್ಲಿ ಗಲಬರಿಸಿ ಇಟ್ಟಿದ್ದೆ. ಮುಂದಿನ ಶನಿವಾರ ಕಲೆಸಿದ ಹಿಟ್ಟು ಬೆಳಗಾಗುವಷ್ಟರಲ್ಲಿ ಮಡಕೆಯ ಕತ್ತಿನವರೆಗೆ ಬಂದಿತ್ತು. ಆಗ ನನಗೆ ಬುದ್ಧಿ ಬಂತು. ಮಡಕೆಯ ಮೈಯಲ್ಲಿ ಹಳೆಯದು ಸ್ವಲ್ಪ ಉಳಿದಿದ್ದರೆ ತಾನೇ ಹೊಸದು ಏಳುವುದು. ಅವಳ ಗುರುತು ಇರಬಾರದೆಂದು ವಾರ ವಾರ ಕುದಿಸಿ ಕುದಿಸಿ ನಾನೇ ಅದನ್ನು ಕೊಂದಿದ್ದೆ. ಕೈಗುಣವೂ ಇಲ್ಲ, ಏನೂ ಇಲ್ಲ. ಇದನ್ನು ತಕ್ಷಣ ಯಾರಿಗಾದರೂ ಹೇಳಬೇಕೆನಿಸಿತು. ಅತ್ತೆಗಲ್ಲ, ನಮ್ಮನೆಯವರಿಗಂತೂ ಅಲ್ಲ. ಇದು ಅರ್ಥವಾಗುವ ಒಬ್ಬಳೇ ಒಬ್ಬಳು ತುಮಕೂರಿನಲ್ಲಿದ್ದಳು. ಫೋನಿನವರೆಗೆ ಹೋಗಿ ಹಿಂದೆ ಬಂದೆ.

ಅತ್ತೆಗೆ ಈಗ ವಯಸ್ಸಾಗಿದೆ. ಒರಳುಕಲ್ಲು ಹಿತ್ತಲಲ್ಲಿದೆ. ಅವರು ಪ್ಯಾಕೆಟ್ಟಿನ ಇಡ್ಲಿಯನ್ನೇ ತಿಂದು ಹೂವಿನಂಗೈತೆ ಎನ್ನುತ್ತಾರೆ. ಅದಕ್ಕಾಗಿ ನಾವಿಬ್ಬರು ವಾರಗಿತ್ತಿಯರು ಏನೇನು ಪಾಡುಪಟ್ಟೆವು ಎಂದು ನೆನೆದರೆ ನಗು ಬರುತ್ತದೆ, ಹಿಂದೆಯೇ ಸಂಕಟವೂ ಬರುತ್ತದೆ. ಇವತ್ತು ಅವರಿಗೆ ತಿಂಡಿ ಕೊಟ್ಟು, ಕೈ ಒರೆಸಿಕೊಂಡು, ಯೋಚನೆ ಮಾಡಿದರೆ ಮತ್ತೆ ಹಿಂದೆ ಸರಿಯುತ್ತೇನೆಂದು ಯೋಚಿಸದೆ ಮೊಬೈಲು ತೆಗೆದು ವನಜಳಿಗೆ ಫೋನು ಮಾಡಿದೆ.

ಅವಳು ಎತ್ತಿದಾಗ ಹಿಂದೆ ಯಾರೋ ಜೋರಾಗಿ ನಗುತ್ತಿದ್ದರು. ಸೌಟಿನ ಸದ್ದು, ಒಗ್ಗರಣೆಯ ಸದ್ದು. ಒಗ್ಗರಣೆ ಅವಲಕ್ಕಿಯೇ ಇರಬೇಕು. ಹೇಳಬೇಕೆಂದಿದ್ದ ಮಡಕೆಯ ಮಾತೆಲ್ಲ ಮರೆತುಹೋಯಿತು.

“ಯಾರೇ ಅದು?” ಎಂದೆ.

“ಪಕ್ಕದ ಮನೆ ಆಂಟಿ ಅಕ್ಕ. ಶನಿವಾರ ಶನಿವಾರ ಬರ್ತಾರೆ, ನನಗೂ ಹೊತ್ತು ಹೋಗುತ್ತೆ.”

ಶನಿವಾರ ಶನಿವಾರ! ಯಾರೋ ಒಬ್ಬ ಹೆಂಗಸು, ಮುಖ ಕೂಡ ನೋಡಿಲ್ಲ, ನಾನು ಕೂರುತ್ತಿದ್ದ ಕುರ್ಚಿಯಲ್ಲಿ ಕೂತು, ನನಗೆ ಮಾಡುತ್ತಿದ್ದ ಅವಲಕ್ಕಿ ತಿನ್ನುತ್ತ ನಗುತ್ತಿದ್ದಾಳೆ. ಹೊಟ್ಟೆಯೊಳಗೆ ಧಗ್ಗೆಂದಿತು. ಇಷ್ಟು ವರ್ಷ ವನಜಳನ್ನು ಕಂಡು ಉರಿದದ್ದಕ್ಕಿಂತ ಜೋರಾಗಿ ಉರಿಯಿತು. ಈ ಸಲ ಅದನ್ನು ಮುಚ್ಚಿಡುವುದಕ್ಕೆ ಹೋಗಲಿಲ್ಲ.

“ಮುಂದಿನ ವಾರದಿಂದ ಆಯಮ್ಮಂಗೆ ಭಾನುವಾರ ಬರೋಕೆ ಹೇಳು ಕಣೇ” ಎಂದೆ. “ಶನಿವಾರ ನಾನು ಬರ್ತೀನಿ.”